ಹಳ್ಳಿಯ ಪೋಸ್ಟಾಫೀಸು ಶುರುವಾದ ವರ್ಷ ಪತ್ತೆ ಮಾಡೋದು ಹೇಗೆ? (ಹೊಸನಗರ ತಾಲ್ಲೂಕು)

ಜಗಲಿಕಟ್ಟೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಊರಿನ ಶಾಲೆಯ ಸ್ಮರಣ ಸಂಚಿಕೆಗೆ ಊರಿನ ಸಂಸ್ಥೆಗಳ ಚರಿತ್ರೆ ಬರೆಯುವ ಕೆಲಸ ನಡೀತಾ ಇದೆ. ದೇವಸ್ಥಾನಕ್ಕೆ ತಸ್ತೀಕಿನ ಕಾಗದ ಇದೆ, ಶಾಲೆಗೆ ದಾಖಲಾತಿ ಪುಸ್ತಕ ಇದೆ, ಸೊಸೈಟಿಗೆ ಮಹಾಸಭೆಯ ನಡಾವಳಿ ಇದೆ. ಪೋಸ್ಟಾಫೀಸಿಗೆ ಮಾತ್ರ ಎಂತದೂ ಇಲ್ಲ. ಅಲ್ಲಿರುವುದು ಒಂದು ಮೇಜು, ಕಬ್ಬಿಣದ ಪೆಟ್ಟಿಗೆ, ತಕ್ಕಡಿ, ಮೊಹರು, ಈಗಿನ ಮೆಷಿನ್ನು. ಹಳೆಯ ರಿಜಿಸ್ಟರ್ ಒಂದೂ ಇಲ್ಲ.

ಹಿರಿಯರಲ್ಲಿ ಅರ್ಧ ಜನ "ಬ್ರಿಟಿಷರ ಕಾಲದ್ದು" ಅಂತಾರೆ, ಉಳಿದವರು "ಲಿಂಗನಮಕ್ಕಿ ಕಟ್ಟಿದ ಮೇಲೆ ಬಂದಿದ್ದು" ಅಂತಾರೆ. ಶುರುವಾದ ವರ್ಷ ಎಲ್ಲಿ ಸಿಗುತ್ತದೆ? ಅದಕ್ಕೂ ಮೊದಲು ಟಪಾಲು ಯಾರ ಮೂಲಕ ಬರುತ್ತಿತ್ತು?

ಜೊತೆಗೆ ಒಂದು ಚಿಂತೆಯೂ ಇದೆ. ಈಗಿನ ಪೋಸ್ಟ್‌ಮಾಸ್ಟರು ಬರುವ ವರ್ಷ ನಿವೃತ್ತರಾಗುತ್ತಾರೆ. ಕಚೇರಿ ಇರುವುದು ಅವರದೇ ಮನೆಯ ಜಗಲಿ ಪಕ್ಕದ ಕೋಣೆಯಲ್ಲಿ. ಆಮೇಲೆ ಕಚೇರಿ ಮುಚ್ಚುತ್ತಾರಾ?

ಮೊಹರು ಭೂತಗನ್ನಡಿ

ಕಚೇರಿಯೊಳಗೆ ಹುಡುಕುವುದನ್ನು ಬಿಡಿ ಸರ್. ಪೋಸ್ಟಾಫೀಸಿನ ಚರಿತ್ರೆ ಹಂಚಿಹೋಗಿರುವುದು ಕಾಗದ ತಲುಪಿದ ಮನೆಗಳಲ್ಲಿ. ಮಲೆನಾಡಿನ ಹಳೇ ಮನೆಗಳಲ್ಲಿ ಕಾಗದಗಳನ್ನು ಕೊಕ್ಕೆ ತಂತಿಗೆ ಚುಚ್ಚಿ ಅಟ್ಟದಲ್ಲಿ ತೂಗುಹಾಕಿರುತ್ತಾರೆ. ಹೊಗೆ ಹಿಡಿದಿದ್ದರಿಂದ ಗೆದ್ದಲು ಕಡಿಮೆ. ಮೊದಲು ಅಲ್ಲಿಗೆ ಹೋಗಿ.

ಒಂದು ವಿಷಯ ಬಹಳ ಜನರಿಗೆ ಹೊಳೆಯುವುದಿಲ್ಲ. ನಿಮ್ಮ ಊರಿನ ಮೊಹರು ಚೆನ್ನಾಗಿ ಬಿದ್ದಿರುವುದು ನಿಮ್ಮ ಊರಿನಿಂದ *ಹೊರಗೆ ಹೋದ* ಕಾಗದದ ಮೇಲೆ, ಸ್ಟಾಂಪಿನ ನೆತ್ತಿಯ ಮೇಲೆ. ಅಂದರೆ ಅದು ಇರುವುದು ಬೇರೆ ಊರಿನಲ್ಲಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮನೆ, ಬೊಂಬಾಯಿ–ಬೆಂಗಳೂರಿಗೆ ಕೆಲಸಕ್ಕೆ ಹೋದವರ ಮನೆ, ಎಲ್ಲಕ್ಕಿಂತ ಮುಖ್ಯವಾಗಿ ಶಿವಮೊಗ್ಗ, ಸಾಗರದ ಹಳೇ ಅಡಿಕೆ ಮಂಡಿಗಳು. ಬೆಳೆಗಾರರು "ಇಷ್ಟು ಮೂಟೆ ಕಳಿಸಿದ್ದೇನೆ, ಧಾರಣೆ ನೋಡಿ ಬಿಡಿ" ಎಂದು ಕಾರ್ಡು ಬರೆದಿರುತ್ತಾರೆ, ಮಂಡಿಯವರು ಅದನ್ನು ಲೆಕ್ಕದ ಜೊತೆ ಕಟ್ಟಿಟ್ಟಿರುತ್ತಾರೆ. ಊರೊಳಗೆ ಸಿಗುವ ಕಾರ್ಡಿನಲ್ಲಿ ನಿಮ್ಮ ಕಚೇರಿಯದ್ದು ಬಟವಾಡೆ ಮೊಹರು. ಅದು ವಿಳಾಸದ ಬದಿಯಲ್ಲೋ ಹಿಂಬದಿಯಲ್ಲೋ ಸೊಟ್ಟಗೆ ಬಿದ್ದಿರುತ್ತದೆ. ಮನಿಯಾರ್ಡರಿನ ವಿಚಾರದಲ್ಲೂ ಹೀಗೆಯೇ. ಹಣ ಪಡೆದವರ ಹತ್ತಿರ ಕೂಪನ್ ಉಳಿಯುತ್ತಿತ್ತು, ಹಣ ಕೊಟ್ಟ ಕಚೇರಿಯ ಮೊಹರಿದ್ದ ರಸೀತಿ ಕಳಿಸಿದವರಿಗೆ ವಾಪಸು ಹೋಗುತ್ತಿತ್ತು.

ಮೊಹರು ಓದುವಾಗ ಊರಿನ ಹೆಸರಿನ ಜೊತೆ ಇನ್ನೊಂದು ಹೆಸರಿದೆಯೇ ನೋಡಿ. ಶಾಖಾ ಕಚೇರಿಯ ಮೊಹರಿನಲ್ಲಿ ಅದು ಯಾವ ಕಚೇರಿಗೆ ಲೆಕ್ಕ ಕೊಡುತ್ತದೋ ಅದರ ಹೆಸರೂ ಇರುವುದುಂಟು. ಹೊಸೂರು, ಹೊಸಹಳ್ಳಿ ಎನ್ನುವ ಊರುಗಳು ತಾಲ್ಲೂಕಿಗೆ ನಾಲ್ಕಾರು ಇರುವಾಗ ಇದು ಬಹಳ ಉಪಯೋಗ. ಹಿಂದೆ ಕೆಲವು ಶಾಖಾ ಕಚೇರಿಗಳಿಗೆ ತಾರೀಖಿಲ್ಲದ, ಬರೀ ಹೆಸರಿನ ಮೊಹರು ಇರುತ್ತಿತ್ತು. ಅಂಥ ಕಾರ್ಡಿನಲ್ಲಿ ತಾರೀಖು ಸಿಗುವುದು ಮೇಲಿನ ಕಚೇರಿಯ ದುಂಡು ಮೊಹರಿನಲ್ಲಿ. ಪ್ರಯೋಗಕ್ಕೆಂದು ತೆರೆದ ಕೆಲವು ಕಚೇರಿಗಳ ಮೊಹರಿನಲ್ಲಿ ಊರಿನ ಹೆಸರೇ ಇಲ್ಲದೆ ಒಂದು ಅಕ್ಷರ, ಒಂದು ಸಂಖ್ಯೆ ಇರುತ್ತದೆ. ಗುರುತಾಗಲಿಲ್ಲ ಎಂದು ಅದನ್ನು ಪಕ್ಕಕ್ಕೆ ಎಸೆಯಬೇಡಿ. ಕಾಗದದ ಒಳಗೆ ಬರೆದವರ ಊರು ಇದ್ದರೆ ಆ ಸಂಖ್ಯೆಯೇ ನಿಮ್ಮ ಅತಿ ಹಳೆಯ ಸಾಕ್ಷಿ ಆಗಬಹುದು.

ತಾರೀಖು ಮಸುಕಾಗಿದ್ದರೆ ಬೇರೆ ಗುರುತುಗಳಿಂದ ಕಾಲ ಹಿಡಿಯಬಹುದು. ಸ್ಟಾಂಪಿನ ಮೇಲೆ ವಿಕ್ಟೋರಿಯಾ, ಏಳನೇ ಎಡ್ವರ್ಡ್, ಐದನೇ ಜಾರ್ಜ್, ಆರನೇ ಜಾರ್ಜ್ ಇವರಲ್ಲಿ ಯಾರಿದ್ದಾರೆ ನೋಡಿ. ಆದರೆ ರಾಜನ ಮುಖ ಕಂಡ ಕೂಡಲೇ "1947ಕ್ಕಿಂತ ಹಿಂದಿನದು" ಎಂದು ಬರೆಯಬೇಡಿ. ಸ್ವತಂತ್ರ ಭಾರತದ ದಿನಬಳಕೆಯ ಸ್ಟಾಂಪುಗಳ ಸರಣಿ ಬಂದದ್ದು 1949ರ ಆಗಸ್ಟ್ 15ಕ್ಕೆ. ಅಲ್ಲಿಯವರೆಗೆ ರಾಜನ ಸ್ಟಾಂಪೇ ಓಡುತ್ತಿತ್ತು. ಬೆಲೆ ನಯೇ ಪೈಸೆಯಲ್ಲಿದ್ದರೆ ಅದು 1957ರ ಏಪ್ರಿಲ್ ಆದಮೇಲಿನದು, ಆಣೆಯಲ್ಲಿದ್ದರೆ ಸಾಧಾರಣವಾಗಿ ಅದಕ್ಕಿಂತ ಹಿಂದಿನದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. "ಮೈಸೂರು ರಾಜ್ಯ" ಎಂದಿದ್ದರೆ ಬಹುಮಟ್ಟಿಗೆ 1973ರ ನವೆಂಬರಿಗಿಂತ ಮೊದಲಿನದು (ಹಳಬರು ಆಮೇಲೂ ಕೆಲವು ವರ್ಷ ಹಾಗೇ ಬರೆದರು). ಕೊಪ್ಪ, ಶೃಂಗೇರಿ ಕಡೆಯ ಕಾಗದದಲ್ಲಿ "ಕಡೂರು ಡಿಸ್ಟ್ರಿಕ್ಟ್" ಅಂತ ಇದ್ದರೆ ಇನ್ನೂ ಹಳೆಯದು. ಆ ಜಿಲ್ಲೆಗೆ ಚಿಕ್ಕಮಗಳೂರು ಎಂಬ ಹೆಸರು ಬಂದದ್ದು 1947ರಲ್ಲಿ.

ಕೆಲಸ ಮಾಡುವ ಕ್ರಮ: ಕಾರ್ಡಿನ ಎರಡೂ ಬದಿ 600 ಡಿಪಿಐನಲ್ಲಿ ಬಣ್ಣದ ಸ್ಕ್ಯಾನ್. ಸ್ಟಾಂಪ್ ಕೀಳಬೇಡಿ, ಒದ್ದೆ ಮಾಡಬೇಡಿ, ಸೆಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ನಮ್ಮ ಮಳೆಗಾಲದ ಥಂಡಿ ಒಳಗೆ ಸಿಕ್ಕಿಕೊಂಡರೆ ಎರಡೇ ವರ್ಷದಲ್ಲಿ ಬೂಸ್ಟು. ಅರ್ಧರ್ಧ ಬಿದ್ದ ಮೊಹರುಗಳಿದ್ದರೆ ಮೂರು ನಾಲ್ಕನ್ನು ಟ್ರೇಸಿಂಗ್ ಹಾಳೆಯಲ್ಲಿ ಒಂದರ ಮೇಲೊಂದು ಇಟ್ಟು ಪೂರ್ತಿ ವೃತ್ತ ಕೂಡಿಸಿ. ಇಲ್ಲಿ ಕಾಗದ ಮಡಚಿದ ಗೆರೆಯಿಂದಾಗಿ 3 ಮತ್ತು 8 ಅದಲುಬದಲಾಗುವುದೇ ಹೆಚ್ಚು. ಅದಕ್ಕೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ.

ಇಷ್ಟಾದರೂ ಮೊಹರಿನಿಂದ ತಿಳಿಯುವುದು "ಈ ವರ್ಷಕ್ಕೆ ಕಚೇರಿ ಇತ್ತು" ಎಂದು ಮಾತ್ರ. ಯಾವ ವರ್ಷಕ್ಕೆ *ಇರಲಿಲ್ಲ* ಎನ್ನುವುದಕ್ಕೆ ವಿಳಾಸ ನೋಡಿ. ಮದುವೆ ಕಾಗದ, ಕ್ರಯಪತ್ರ, ಸೊಸೈಟಿ ನೋಟೀಸುಗಳಲ್ಲಿ ಊರಿನ ಹೆಸರಿನ ಕೆಳಗೆ "ಅಂಚೆ" ಎಂಬ ಸಾಲು ಇರುತ್ತದೆ. ಅಲ್ಲಿ ಬೇರೆ ಊರಿನ ಹೆಸರಿದ್ದರೆ ನಿಮ್ಮ ಟಪಾಲು ಆಗ ಆ ಊರಿಗೆ ಬರುತ್ತಿತ್ತು. ಆ ಸಾಲು ಬದಲಾದ ವರ್ಷದ ಆಸುಪಾಸಿನಲ್ಲೇ ಕಚೇರಿ ಬಂದಿದೆ.

ಗಣತಿ ಪುಸ್ತಕ

ಮೇಲಿನವರ ಲೆಕ್ಕಕ್ಕೆ ಒಂದು ಸುಲಭದ ಬೇಲಿ. ಜನಗಣತಿಯ ಶಿವಮೊಗ್ಗ ಜಿಲ್ಲಾ ಕೈಪಿಡಿಗಳನ್ನು ಗಣತಿ ಇಲಾಖೆಯ ಜಾಲತಾಣದಲ್ಲಿ ಪುಕ್ಕಟೆ ಇಳಿಸಿಕೊಳ್ಳಬಹುದು. ಗ್ರಾಮವಾರು ಪಟ್ಟಿಯಲ್ಲಿ ಶಾಲೆ, ನೀರು, ದಾರಿಯ ಜೊತೆ ಅಂಚೆ–ತಂತಿಗೂ ಒಂದು ಅಂಕಣ ಇದೆ. 1971, 1981, 1991ರ ಕೈಪಿಡಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಯಾವ ಹತ್ತು ವರ್ಷದೊಳಗೆ ಬಂತು ಎನ್ನುವುದು ಗೊತ್ತಾಗುತ್ತದೆ. 2011ರದ್ದರಲ್ಲಿ ಸೌಲಭ್ಯ ಇಲ್ಲದ ಊರಿಗೆ ದೂರದ ಸಂಕೇತ ಕೊಟ್ಟಿದ್ದಾರೆ: 5 ಕಿ.ಮೀ. ಒಳಗೆ, 5ರಿಂದ 10, 10ಕ್ಕಿಂತ ಹೆಚ್ಚು.

ಮಲೆನಾಡಿನಲ್ಲಿ ಎಡವುವ ಜಾಗ ಒಂದಿದೆ. ಗಣತಿಯವರು ಬರೆಯುವುದು ಕಂದಾಯ ಗ್ರಾಮದ ಹೆಸರು, ಪೋಸ್ಟಾಫೀಸಿಗೆ ಇರುವುದು ಎಷ್ಟೋ ಸಲ ಮಜರೆಯ (ಕಂದಾಯ ಗ್ರಾಮದೊಳಗಿನ ಸಣ್ಣ ಹಳ್ಳಿಯ) ಹೆಸರು. ಪಟ್ಟಿಯಲ್ಲಿ ನಿಮ್ಮ ಊರಿನ ಮುಂದೆ ಖಾಲಿ ಇದ್ದರೆ ಗಾಬರಿ ಬೇಡ, ಮಜರೆ ಸೇರುವ ಕಂದಾಯ ಗ್ರಾಮದ ಸಾಲು ನೋಡಿ.

ಲಾಕು ಮೊಹರು

ಹಳೇ ರಿಜಿಸ್ಟರ್ ಇಲ್ಲ ಎಂದು ಪೋಸ್ಟ್‌ಮಾಸ್ಟರನ್ನು ಬೈಯಬೇಡಿ ಮಾರಾಯ್ರೇ. ಇಲಾಖೆಯಲ್ಲಿ ಪ್ರತಿ ದಾಖಲೆಗೂ ಇಡಬೇಕಾದ ಅವಧಿ ಅಂತ ಇದೆ. ದಿನದ ಲೆಕ್ಕ, ಜರ್ನಲ್ಲು, ಸ್ಲಿಪ್ಪು ಇವೆಲ್ಲ ಕೆಲವೇ ವರ್ಷದ ಆಯುಸ್ಸಿನವು, ಅವಧಿ ಮುಗಿದ ಮೇಲೆ ನಾಶ ಮಾಡಲೇಬೇಕು. ಹಾಗಾಗಿ ಅಚ್ಚುಕಟ್ಟಾದ ಕಚೇರಿಯಲ್ಲೇ ಹಳೆಯದು ಕಮ್ಮಿ.

ಉಳಿದಿದ್ದರೆ ಉಳಿದಿರುವುದು ವಿಭಾಗ ಕಚೇರಿಯಲ್ಲಿ. ಕಚೇರಿ ತೆರೆದ ಆದೇಶ, ಜಾಗ ಬದಲಾಯಿಸಿದ ಆದೇಶ, ಲೆಕ್ಕದ ಕಚೇರಿ (ಶಾಖಾ ಕಚೇರಿ ಲೆಕ್ಕ ಒಪ್ಪಿಸುವ ಮೇಲಿನ ಕಚೇರಿ) ಬದಲಾದದ್ದು ಇವು ಸಿಬ್ಬಂದಿ ಕಡತದಲ್ಲಿ ಸೇರಿರುತ್ತವೆ. ವರ್ಷಕ್ಕೊಮ್ಮೆ ಉಪವಿಭಾಗದ ಇನ್ಸ್‌ಪೆಕ್ಟರು ಮಾಡುವ ತಪಾಸಣಾ ವರದಿಯ ಮೊದಲ ಪುಟದಲ್ಲೂ ಇಂಥ ವಿವರ ಇರುವುದುಂಟು. ಶಿವಮೊಗ್ಗ ವಿಭಾಗದ ಅಂಚೆ ಅಧೀಕ್ಷಕರ ಕಚೇರಿಗೆ ಮೊದಲು ಸಾದಾ ಪತ್ರ ಬರೆಯಿರಿ. ಶಾಲೆಯ ಲೆಟರ್‌ಹೆಡ್ಡಿನಲ್ಲಿದ್ದರೆ ಕೆಲಸ ಬೇಗ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ. ಅಂಚೆ ಕೇಂದ್ರ ಸರ್ಕಾರದ ಇಲಾಖೆ, ಆದ್ದರಿಂದ ತಾಲ್ಲೂಕು ಕಚೇರಿಯಲ್ಲಿ ಕೊಟ್ಟು ಕಾಯಬೇಡಿ. ಶುಲ್ಕ 10 ರೂಪಾಯಿ, ಅದಕ್ಕೆ ಪೋಸ್ಟಲ್ ಆರ್ಡರ್ ಸಿಗುವುದೂ ಅಂಚೆ ಕಚೇರಿಯಲ್ಲೇ. ಕೇಂದ್ರದ ಆನ್‌ಲೈನ್ ಪೋರ್ಟಲ್ಲಿನಲ್ಲೂ ಹಾಕಬಹುದು. ಉತ್ತರಕ್ಕೆ 30 ದಿನ.

ಪ್ರಶ್ನೆ ಹೇಗೆ ಕೇಳುತ್ತೀರಿ ಎನ್ನುವುದರ ಮೇಲೆ ಉತ್ತರ. "ನಮ್ಮ ಅಂಚೆ ಕಚೇರಿಯ ಇತಿಹಾಸ ಕೊಡಿ" ಎಂದರೆ "ಅಂಥ ಮಾಹಿತಿ ಲಭ್ಯವಿಲ್ಲ" ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ತೆರೆದ ಆದೇಶದ ಸಂಖ್ಯೆ ಮತ್ತು ತಾರೀಖು, ಖಾಯಂ ಮಾಡಿದ ಆದೇಶ, ಲೆಕ್ಕದ ಕಚೇರಿ ಬದಲಾಗಿದ್ದರೆ ಆ ತಾರೀಖು, ಲಭ್ಯವಿರುವ ಅತಿ ಹಳೆಯ ತಪಾಸಣಾ ವರದಿಯ ಮೊದಲ ಪುಟದ ನಕಲು, ಹೀಗೆ ಒಂದೊಂದಾಗಿ ಕೇಳಿ. ಹೊಸ ಕಚೇರಿಯನ್ನು ಮೊದಲು ತಾತ್ಕಾಲಿಕವಾಗಿ ತೆರೆದು, ಆದಾಯ ನೋಡಿ, ಆಮೇಲೆ ಖಾಯಂ ಮಾಡುವ ಪದ್ಧತಿ ಇತ್ತು. ಹಾಗಾಗಿ ಎರಡು ತಾರೀಖು ಸಿಕ್ಕರೆ ಎರಡೂ ಸರಿಯೇ. ಸಂಚಿಕೆಗೆ ಮೊದಲನೆಯದು ಹಾಕಿ.

ಶಾಖಾ ಕಚೇರಿ ನಡೆಯುವುದು ಹೇಗೆ ಎಂದು ಮಕ್ಕಳಿಗೂ ಒಂದು ಪುಟ ಬರೆಯಿರಿ, ಊರಿನ ಬಹಳ ಜನರಿಗೇ ಗೊತ್ತಿಲ್ಲ. ಲೆಕ್ಕದ ಕಚೇರಿಯಿಂದ ಮೊಹರಾದ ಚೀಲ ಬರುತ್ತದೆ. ಪೋಸ್ಟ್‌ಮಾಸ್ಟರು ಮೊದಲು ನೋಡುವುದು ಚೀಲದ ಕತ್ತು: ದಾರ, ಚೀಟಿ, ಮೊಹರು ಕೆಟ್ಟಿಲ್ಲವಷ್ಟೆ ಎಂದು. ಒಳಗಿನ ಸ್ಲಿಪ್ಪಿನಲ್ಲಿ ಎಷ್ಟು ನಗದು, ಎಷ್ಟು ಲೆಕ್ಕದ ಕಾಗದ ಕಳಿಸಿದ್ದಾರೆ ಎಂದು ಬರೆದಿರುತ್ತದೆ. ತಾಳೆ ನೋಡಿ, ಬಟವಾಡೆಗೆ ಕೊಟ್ಟು, ಸಂಜೆಯ ಚೀಲದಲ್ಲಿ ದಿನದ ಲೆಕ್ಕ ಹೋಗುತ್ತದೆ. ನಿನ್ನೆಯ ಶಿಲ್ಕಿಗೆ ಇವತ್ತಿನ ಜಮಾ ಕೂಡಿ, ಪಾವತಿ ಕಳೆದು ಉಳಿದದ್ದು ಪೆಟ್ಟಿಗೆಯ ನಗದು ಮತ್ತು ಸ್ಟಾಂಪಿಗೆ ಪೈಸೆ ಬಿಡದೆ ಹೊಂದಬೇಕು. 2017ರ ಕೊನೆಯಲ್ಲಿ ಶುರುವಾದ ದರ್ಪಣ್ ಯೋಜನೆಯಲ್ಲಿ ಈ ಬರವಣಿಗೆ ಕೈಮೆಷಿನ್ನಿಗೆ ಹೋಯಿತು. ನಗದು ಮಾತ್ರ ಈಗಲೂ ಚೀಲದಲ್ಲೇ ಬರಬೇಕು.

ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ನಗದಿಗೆ ಮಿತಿ ಇದೆ. ಹೆಚ್ಚಾದದ್ದನ್ನು ಮೇಲಕ್ಕೆ ಕಳಿಸಬೇಕು, ಹೆಚ್ಚು ಬೇಕಾದರೆ ಹಿಂದಿನ ದಿನವೇ ಕೇಳಬೇಕು. "ನನ್ನ ದುಡ್ಡು ನನಗೆ ಕೊಡೋಕೆ ನಾಳೆ ಬಾ ಅಂತಾರೆ" ಎಂಬ ಜಗಳದ ಬೇರು ಇದು. ಆಷಾಢದಲ್ಲಿ ಮರ ಬಿದ್ದು ಬಸ್ ನಿಂತರೆ ಚೀಲವಿಲ್ಲ, ಚೀಲವಿಲ್ಲದಿದ್ದರೆ ಹಣವಿಲ್ಲ. ದೊಡ್ಡ ಮೊತ್ತ ಬೇಕಾದವರು ಒಂದು ದಿನ ಮುಂಚೆ ಹೇಳಿಟ್ಟರೆ ಇಬ್ಬರಿಗೂ ನೆಮ್ಮದಿ.

ಕಾನುಗೋಡು

"ಬ್ರಿಟಿಷರ ಕಾಲದ್ದು" ಎನ್ನುವವರ ಮಾತನ್ನು ಸ್ವಲ್ಪ ಬಿಡಿಸಬೇಕು, ಏಕೆಂದರೆ ಶಿವಮೊಗ್ಗ ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಇಲ್ಲಿ ಸಂಸ್ಥಾನದ್ದೇ ಮೈಸೂರು ಅಂಚೆ ಇತ್ತು. ಅದರ ಆರಂಭವನ್ನು ಚಿಕ್ಕದೇವರಾಜ ಒಡೆಯರ ಆಳ್ವಿಕೆಗೆ, 1672ಕ್ಕೆ ಗುರುತಿಸುತ್ತಾರೆ. 1799ರ ನಂತರ ದಿವಾನ್ ಪೂರ್ಣಯ್ಯನವರು ಅದನ್ನು ಮುಂದುವರಿಸಿದರು. ಅದು ಮೊದಲಿಗೆ ಸರ್ಕಾರದ ಕಾಗದಕ್ಕೆ ಇದ್ದ ವ್ಯವಸ್ಥೆ. ಕಾಗದ ಸಾಗಿಸುವುದರ ಜೊತೆಗೆ ಸೀಮೆಯ ಸುದ್ದಿಯನ್ನು ಅರಮನೆಗೆ ಮುಟ್ಟಿಸುವುದೂ ಅದರ ಕೆಲಸವಾಗಿತ್ತು. ಹರಿಕಾರರು ಹಂತದಿಂದ ಹಂತಕ್ಕೆ ಕೈ ಬದಲಾಯಿಸುತ್ತ ಓಡುತ್ತಿದ್ದರು. ಜನಸಾಮಾನ್ಯರ ಕಾಗದ ಸೇರಿಕೊಂಡದ್ದು ಆಮೇಲೆ. ಬ್ರಿಟಿಷರ ಅಂಚೆಯೂ ಸಂಸ್ಥಾನದೊಳಗೆ ಜೊತೆಜೊತೆಗೆ ನಡೆಯುತ್ತಿತ್ತು. 1889ರಲ್ಲಿ ಮೈಸೂರು ಅಂಚೆಯನ್ನು ಅದರೊಳಗೆ ವಿಲೀನ ಮಾಡಿದರು.

ಇದು ನಿಮ್ಮ ಹುಡುಕಾಟಕ್ಕೆ ಎಂತಕ್ಕೆ ಬೇಕು ಅಂದರೆ, ಮೈಸೂರು ಅಂಚೆ ತನ್ನದೇ ಸ್ಟಾಂಪು ಹೊರಡಿಸಲಿಲ್ಲ. ತಿರುವಾಂಕೂರು, ಹೈದರಾಬಾದುಗಳಂತೆ "ಮೈಸೂರು ಸ್ಟಾಂಪು" ಸಿಗುತ್ತದೆ ಎಂದು ಕಾಯಬೇಡಿ. ಮೈಸೂರು ಅಂಚೆಯ ಕಾಗದ ಸಿಕ್ಕರೆ ಅದರ ಮೇಲೆ ಇರುವುದು ಕೈಮೊಹರು ಮಾತ್ರ. ಆ ಕಾಲದ ಅಂಚೆಯ ವಿವರ ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳಲ್ಲಿ ಇರುತ್ತದೆ. ರಾಜ್ಯ ಪತ್ರಾಗಾರದಲ್ಲಿ ನೋಡಲು ಸಿಗುತ್ತವೆ. ನಿಮ್ಮ ತಾಲ್ಲೂಕಿಗೆ ಇನ್ನೊಂದು ತೊಡಕು: ಹಳೆಯ ಕಾಗದಗಳಲ್ಲಿ "ನಗರ ತಾಲ್ಲೂಕು" ಅಂತ ಇರುತ್ತದೆ. ತಾಲ್ಲೂಕಿನ ಕಸಬೆ ನಗರ ಎಂಬ ಊರಿನಿಂದ ಕಲ್ಲೂರುಕಟ್ಟೆಗೆ ಬಂದು ಹೊಸನಗರ ಆದದ್ದು 19ನೇ ಶತಮಾನದ ಕೊನೆಯಲ್ಲಿ. "ಹೊಸನಗರ" ಎಂದು ಮಾತ್ರ ಹುಡುಕಿದರೆ ಹಳೆಯದು ಕೈತಪ್ಪುತ್ತದೆ.

ಹಳ್ಳಿಗೆ ಪೋಸ್ಟಾಫೀಸು ಬಂದರೆ ಏನೇನು ಬರುತ್ತಿತ್ತು ಎಂಬುದಕ್ಕೆ ಕೆಲವು ವರ್ಷ ಬರೆದಿಟ್ಟುಕೊಳ್ಳಿ. ವಿ.ಪಿ.ಪಿ. (ಹಣ ಕೊಟ್ಟು ಬಿಡಿಸಿಕೊಳ್ಳುವ ಪಾರ್ಸೆಲ್ಲು) 1877, ಕಾಲಾಣೆ ಕಾರ್ಡು 1879, ಮನಿಯಾರ್ಡರು 1880, ಉಳಿತಾಯ ಬ್ಯಾಂಕು 1882. ಅಂದರೆ ಬ್ಯಾಂಕು ತಾಲ್ಲೂಕು ಕಸಬೆಗೂ ಬರುವ ಮೊದಲೇ ಊರಿನ ಉಳಿತಾಯ ಅಂಚೆಯಲ್ಲಿ ಕೂರಲು ದಾರಿ ಆಗಿತ್ತು. ಶಿವಮೊಗ್ಗಕ್ಕೆ ಬೀರೂರಿನಿಂದ ರೈಲು ಬಂದದ್ದು 1899ರಲ್ಲಿ, ತಾಳಗುಪ್ಪ ಮುಟ್ಟಿದ್ದು 1940ರ ಹೊತ್ತಿಗೆ. ರೈಲು ನಿಲ್ಲುವ ಊರಿನಿಂದ ಒಳಗಿನ ದಾರಿ ಮಾತ್ರ ಕಾಲ್ನಡಿಗೆ, ಗಾಡಿ, ಆಮೇಲೆ ಬಸ್ಸು. ಟಪಾಲು ಒಯ್ಯಬೇಕು ಎನ್ನುವುದನ್ನು ಬಸ್ಸಿನ ಪರ್ಮಿಟ್ಟಿಗೆ ಷರತ್ತಾಗಿ ಹಾಕಲು ಮೋಟಾರು ಕಾಯ್ದೆಯಲ್ಲೇ ಅವಕಾಶ ಇದೆ. ಖಾಸಗಿ ಬಸ್ಸಿನ ಡ್ರೈವರ್ ಸೀಟಿನ ಹಿಂದೆ ಟಪಾಲು ಚೀಲ ಕೂತಿರುತ್ತಿದ್ದದ್ದು ಬರೀ ಪರೋಪಕಾರ ಅಲ್ಲ!

ಟಪಾಲು ಬಲವಾಗಿದ್ದರೆ ಹಳ್ಳಿಯಲ್ಲೇ ಕೂತು ಎಷ್ಟು ದೂರ ಕೈ ಚಾಚಬಹುದು ಎಂಬುದಕ್ಕೆ ಸಾಗರ ತಾಲ್ಲೂಕಿನ ಹೆಗ್ಗೋಡು ನೋಡಿ. ಕೆ.ವಿ. ಸುಬ್ಬಣ್ಣನವರ ಅಕ್ಷರ ಪ್ರಕಾಶನ ಅಲ್ಲಿಂದಲೇ ಪುಸ್ತಕ ಹೊರಡಿಸಿತು. 577417 ಎಂಬ ಪಿನ್ ಕನ್ನಡದ ಓದುಗರಿಗೆ ಬಾಯಿಪಾಠ. ಅಂದಹಾಗೆ 2024ರ ಡಿಸೆಂಬರಿನಲ್ಲಿ ಪುಸ್ತಕಗಳ ಹಳೇ ರಿಯಾಯಿತಿ ದರ ನಿಂತು ಸಣ್ಣ ಪ್ರಕಾಶಕರಿಗೆ ಪೆಟ್ಟು ಬಿತ್ತು. 2025ರ ಮೇ 1ರಿಂದ ಬಂದ ಜ್ಞಾನ್ ಪೋಸ್ಟ್ ಎಂಬ ಪುಸ್ತಕ ಸೇವೆಯಲ್ಲಿ 300 ಗ್ರಾಮಿಗೆ 20 ರೂಪಾಯಿ, 5 ಕಿಲೋಗೆ 100, ತೆರಿಗೆ ಬೇರೆ. ನಿಮ್ಮ ಸಂಚಿಕೆ ಕಳಿಸುವಾಗ ಮೊದಲು ಒಂದು ಪ್ರತಿ ಒಯ್ದು ಅದು ಈ ದರಕ್ಕೆ ಸೇರುತ್ತದಾ ಕೇಳಿ. ಜಾಹೀರಾತು ತುಂಬಿದ ಪುಸ್ತಕಕ್ಕೆ ಈ ದರ ಇಲ್ಲ, ಮುದ್ರಕ ಪ್ರಕಾಶಕರ ಹೆಸರು ಅಚ್ಚಾಗಿರಬೇಕು.

ಇನ್ನು "ಲಿಂಗನಮಕ್ಕಿ ಆದಮೇಲೆ" ಎನ್ನುವವರ ಮಾತು. ಅದನ್ನೂ ತಳ್ಳಿಹಾಕಬೇಡಿ. ಶರಾವತಿ ಕಣಿವೆಯಲ್ಲಿ ಮುಳುಗಡೆ ಎರಡು ಸಲ ಆಗಿದೆ: ಹಿರೇಭಾಸ್ಕರ ಅಣೆಕಟ್ಟಿನದು 1940ರ ದಶಕದಲ್ಲಿ, ಲಿಂಗನಮಕ್ಕಿಯದ್ದು 1964ರ ಹೊತ್ತಿಗೆ. ಊರು ಎದ್ದಾಗ ಅದರ ಪೋಸ್ಟಾಫೀಸು ಮುಚ್ಚಬೇಕು ಅಥವಾ ಮೇಲಿನ ಜಾಗಕ್ಕೆ ಹೋಗಬೇಕು. ಹಳೇ ಹೆಸರಿನಲ್ಲೇ ಹೊಸ ಜಾಗಕ್ಕೆ ಬಂದಿದ್ದರೆ ಹಿರಿಯರ ಎರಡೂ ಗುಂಪಿನ ಮಾತು ನಿಜ ಆಗಿರಲು ಸಾಧ್ಯ. ಲೆಕ್ಕದ ಕಚೇರಿಯ ಹೆಸರು 1964ರ ಹಿಂದೆ ಒಂದು, ಮುಂದೆ ಒಂದು ಇದೆಯೇ ಎಂದು ಮೊಹರಿನಲ್ಲಿ ನೋಡಿ. ಹಿನ್ನೀರು ಬಂದಮೇಲೆ ದಾರಿಗಳೇ ತಿರುಗಿದವು. ಹಿನ್ನೀರಿನಾಚೆಯ ತುಮರಿ ಕಡೆಗೆ ಹೋಗುವ ಬಸ್ಸುಗಳು ಅಂಬಾರಗೋಡ್ಲಿನಲ್ಲಿ ಲಾಂಚು ಹತ್ತಬೇಕಾಗಿತ್ತು, ಸೇತುವೆ ಆದದ್ದು 2025ರ ಜುಲೈಯಲ್ಲಿ.

ಜಗಲಿಕಟ್ಟೆ

ಎಲ್ಲರಿಗೂ ವಂದನೆ. ಮಂಡಿ ಕಾಗದದ ವಿಚಾರ ಹೊಳೆದೇ ಇರಲಿಲ್ಲ. ಸದ್ಯಕ್ಕೆ ಒಂದು ಮನೆಯಲ್ಲಿ ಸಿಕ್ಕಿದ್ದು: ಆಣೆಯ ಸ್ಟಾಂಪಿನ ಕಾರ್ಡು, "ಅಂಚೆ" ಸಾಲಿನಲ್ಲಿ ಪಕ್ಕದ ಊರು. ಇನ್ನೊಂದು 6 ನಯೇ ಪೈಸೆಯ ಕಾರ್ಡು, "ಅಂಚೆ" ಸಾಲಿನಲ್ಲಿ ನಮ್ಮೂರೇ ಇದೆ, ಆದರೆ ಬಿದ್ದ ಮೊಹರು ಓದಲಾಗುತ್ತಿಲ್ಲ. ಇದರಿಂದ ಎಷ್ಟು ಹೇಳಬಹುದು?

ಮೊಹರು ಭೂತಗನ್ನಡಿ

ಸಾಕಷ್ಟು ಹೇಳಬಹುದು. "ನಯೇ" ಎಂಬುದು 1964ರ ಜೂನ್ 1ಕ್ಕೆ ಬಿಟ್ಟುಹೋಯಿತು. 6 ನಯೇ ಪೈಸೆ ಅಚ್ಚಾದ ಕಾರ್ಡು 1960ರ ದಶಕದ ಮೊದಲ ಭಾಗದ್ದು. ಅಂಗಡಿಯಲ್ಲಿ, ಮನೆಯಲ್ಲಿ ಉಳಿದ ಕಾರ್ಡನ್ನು ಆಮೇಲೂ ಬಳಸಿರಬಹುದು, ಆದ್ದರಿಂದ "1960ರ ದಶಕಕ್ಕೆ ಕಚೇರಿ ಇತ್ತು" ಎಂದು ಬರೆದರೆ ತಪ್ಪಾಗದು. ಆಣೆಯ ಕಾರ್ಡು ಅದರ ಕೆಳಗಿನ ಗಡಿ, ಆಗಿನ್ನೂ ನಿಮ್ಮೂರಿಗೆ ಕಚೇರಿ ಬಂದಿರಲಿಲ್ಲ. ಇನ್ನು ಅಧೀಕ್ಷಕರ ಪತ್ರದಲ್ಲಿ "1950ರಿಂದ 1965ರ ನಡುವಿನ ಆದೇಶ" ಎಂದು ಸ್ಪಷ್ಟವಾಗಿ ಕೇಳಿ, ಹುಡುಕುವವರಿಗೂ ಸುಲಭ. ಮೊಹರಿನ ಫೋಟೋವನ್ನು ಮೊಬೈಲಿನಲ್ಲಿ ಕಪ್ಪು–ಬಿಳುಪು ಮಾಡಿ ಕಾಂಟ್ರಾಸ್ಟ್ ಏರಿಸಿ ಹಾಕಿ, ನೋಡೋಣ.

ಪೇಟೆ ಸೇರಿದವ

ಚರಿತ್ರೆ ಸರಿ. ಈಗ ಕಾಗದ ಬರೆಯುವವರು ಯಾರಿದ್ದಾರೆ? ಕಚೇರಿ ಮುಚ್ಚಿದರೆ ನಷ್ಟ ಎಂತ?

ಕೈಮೆಷಿನ್ನು

ಕಾಗದ ಬರೆಯುವವರು ಇಲ್ಲ, ನಿಜ. 2013ರ ಜುಲೈಗೆ ಟೆಲಿಗ್ರಾಂ ನಿಂತಿತು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟಿನೊಳಗೆ ಸೇರಿತು. ಆದರೆ ಎಟಿಎಂ ಇಲ್ಲದ, ಬ್ಯಾಂಕಿಗೆ ಹೋಗಲು ಒಂದು ದಿನದ ಕೂಲಿ ಕಳೆಯಬೇಕಾದ ಊರಿನಲ್ಲಿ ಈ ಮೇಜೇ ಬ್ಯಾಂಕು. ಯಾವ ಬ್ಯಾಂಕಿನ ಖಾತೆಯಾದರೂ ಆಧಾರ್ ಜೋಡಣೆ ಇದ್ದರೆ ಬೆರಳಚ್ಚು ಕೊಟ್ಟು ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು.

ಇದರಲ್ಲಿ ಕೆಡುವುದು ಎಲ್ಲಿ ಎಂದು ಹೇಳುತ್ತೇನೆ. ಅಡಿಕೆ ಸುಲಿಯುವ ಕಾಲದಲ್ಲಿ ಬೆರಳಿಗೆ ಚೊಗರು ಹತ್ತಿ, ಕತ್ತಿ ತಾಗಿ, ಗೆರೆ ಸವೆದಿರುತ್ತದೆ. ಮೆಷಿನ್ನು ಒಪ್ಪುವುದಿಲ್ಲ. ಕೈ ತೊಳೆದು ಒರೆಸಿ, ಹೆಬ್ಬೆರಳು ಬಿಟ್ಟು ಉಂಗುರದ ಬೆರಳು, ಕಿರುಬೆರಳು ಕೊಡಿ. ಒಣಗಿ ಬಿರಿದ ಬೆರಳಿಗೆ ಚೂರು ಎಣ್ಣೆ ಮುಟ್ಟಿಸಿ ಒರೆಸಿದರೂ ಆಗುತ್ತದೆ. ಆದರೂ ಆಗದಿದ್ದರೆ ಆಧಾರಿನ ಬೆರಳಚ್ಚು ಹೊಸದಾಗಿ ಕೊಡಿಸಬೇಕು. ಎರಡನೆಯದು, "ಗೃಹಲಕ್ಷ್ಮಿ 2,000 ಬಂದಿಲ್ಲ" ಎಂದು ಬಂದವರಲ್ಲಿ ಎಷ್ಟೋ ಜನರ ಹಣ ಬಂದಿರುತ್ತದೆ, ಬೇರೆ ಖಾತೆಗೆ. ಸರ್ಕಾರದ ಹಣ ಹೋಗುವುದು ಆಧಾರನ್ನು ಕೊನೆಯದಾಗಿ ಮ್ಯಾಪ್ ಮಾಡಿದ ಬ್ಯಾಂಕಿಗೆ. ಎಲ್ಲೋ ಸಾಲಕ್ಕೋ ಮೇಳದಲ್ಲೋ ಹೊಸ ಖಾತೆ ತೆರೆದಿದ್ದರೆ ಅಲ್ಲಿಗೆ ತಿರುಗಿರುತ್ತದೆ. ಮೂರನೆಯದು, ವ್ಯವಹಾರ ಮಧ್ಯೆ ನಿಂತು ಖಾತೆಯಿಂದ ಕಡಿತವಾದರೆ ಕೂಡಲೇ ಎರಡನೇ ಸಲ ಒತ್ತಬೇಡಿ. ಬ್ಯಾಲೆನ್ಸ್ ನೋಡಿ, ರಸೀತಿ ಸಂಖ್ಯೆ ಬರೆದುಕೊಳ್ಳಿ, ಸಾಧಾರಣವಾಗಿ ಕೆಲವು ದಿನದಲ್ಲಿ ವಾಪಸು ಬರುತ್ತದೆ.

ಆರ್‌.ಡಿ. (ತಿಂಗಳ ಕಂತಿನ ಉಳಿತಾಯ) ಕಟ್ಟುವವರಿಗೆ ಒಂದು ಮಾತು. ಅಡಿಕೆ ಬೆಳೆಗಾರನ ಕೈಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಆರ್‌.ಡಿ. ಕಂತು ತಿಂಗಳಿಗೊಮ್ಮೆ. ಮಳೆಗಾಲದಲ್ಲಿ ಕಂತು ತಪ್ಪುತ್ತದೆ, 100ಕ್ಕೆ 1 ರೂಪಾಯಿ ದಂಡ, ನಾಲ್ಕು ಕಂತು ತಪ್ಪಿದರೆ ಮುಂದಿನ ಕಂತಿಗೆ ಖಾತೆ ನಿಲ್ಲುವ ಸ್ಥಿತಿ, ಎರಡು ತಿಂಗಳೊಳಗೆ ಎಬ್ಬಿಸಬೇಕು. ಬದಲಿಗೆ ಮಂಡಿ ಹಣ ಬಂದಾಗಲೇ 12 ಕಂತು ಮುಂಗಡ ಕಟ್ಟಿ. ತಿಂಗಳಿಗೆ 100ರ ಖಾತೆಗೆ 40 ರೂಪಾಯಿ ರಿಯಾಯಿತಿಯೂ ಸಿಗುತ್ತದೆ. ಹಣ ಕಟ್ಟಿದವರು ಪಾಸ್‌ಬುಕ್ಕಿನಲ್ಲಿ ಮೊತ್ತ, ತಾರೀಖು, ಮೊಹರು ಮೂರನ್ನೂ ಅಲ್ಲೇ ನೋಡಿ, ಮೊಬೈಲಿಗೆ ಸಂದೇಶ ಬಂತೇ ತಾಳೆ ಹಾಕಿ. "ಪಾಸ್‌ಬುಕ್ ಇಲ್ಲೇ ಇರಲಿ" ಎಂದು ಪೋಸ್ಟಾಫೀಸಿನಲ್ಲಿ ಬಿಟ್ಟು ಬರುವ ಅಭ್ಯಾಸ ಬಹಳ ಕಡೆ ಇದೆ. ಪೋಸ್ಟ್‌ಮಾಸ್ಟರು ಎಷ್ಟೇ ನಂಬಿಕಸ್ಥರಾದರೂ ಬಿಡಬೇಡಿ.

ಜಗಲಿಕಟ್ಟೆಯವರ ಕೊನೆಯ ಪ್ರಶ್ನೆಗೆ. ಶಾಖಾ ಕಚೇರಿಯ ಪೋಸ್ಟ್‌ಮಾಸ್ಟರು ಗ್ರಾಮೀಣ ಡಾಕ್ ಸೇವಕರು, ಅವರ ನಿವೃತ್ತಿ 65ಕ್ಕೆ. ಅದರಿಂದಲೇ ಕಚೇರಿ ಮುಚ್ಚುವುದಿಲ್ಲ. ಆದರೆ ಹೊಸಬರು ಬರುವವರೆಗೆ ಬಟವಾಡೆಯವರ ಮೇಲೋ ಪಕ್ಕದ ಕಚೇರಿಯವರ ಮೇಲೋ ಹೊರೆ ಬೀಳುತ್ತದೆ, ಕಚೇರಿ ತೆರೆಯುವ ಹೊತ್ತು ಏರುಪೇರಾಗುತ್ತದೆ. ನೇಮಕ ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಆನ್‌ಲೈನ್‌ನಲ್ಲಿ ಆಗುವುದರಿಂದ ದೂರದ ಜಿಲ್ಲೆಯ ಹುಡುಗನೋ ಹುಡುಗಿಯೋ ಬರಬಹುದು. ಬಂದವರು ಊರಿನಲ್ಲೇ ವಾಸ ಮಾಡಬೇಕು, ಕಚೇರಿಗೆ ಕೋಣೆಯನ್ನೂ ಅವರೇ ಒದಗಿಸಬೇಕು. ಒಂಟಿ ಮನೆಗಳ ಮಲೆನಾಡಿನಲ್ಲಿ ಗುರುತಿಲ್ಲದವರಿಗೆ ಬಾಡಿಗೆ ಕೋಣೆ ಎಲ್ಲಿ ಸಿಗಬೇಕು? ಮನೆ ಸಿಗದೆ ಬಿಟ್ಟು ಹೋಗುತ್ತಾರೆ, ಜಾಗ ಮತ್ತೆ ಖಾಲಿ, ವ್ಯವಹಾರ ಇಳಿಯುತ್ತದೆ. ಆಮೇಲೆ "ಆದಾಯ ಇಲ್ಲ, ಪಕ್ಕದ ಊರಿಗೆ ಸೇರಿಸಿ" ಎಂಬ ಮಾತು ಏಳುವುದು ಆಗ.

ಹಾಗಾಗಿ ಕೋಣೆಯ ವ್ಯವಸ್ಥೆ ಈಗಲೇ ಆಗಬೇಕು. ನೆಲ ಅಂತಸ್ತಿನಲ್ಲಿ, ದಾರಿಗೆ ಬಾಗಿಲಿರುವ, ಕರೆಂಟಿರುವ, 100 ಚದರಡಿಯ ಒಂದು ಕೋಣೆ ಸಾಕು. ಗ್ರಾಮ ಪಂಚಾಯಿತಿ ಕಟ್ಟಡ, ಸೊಸೈಟಿಯ ಹಳೇ ಗೋದಾಮು, ಶಾಲೆಯ ಬಳಸದ ಕೊಠಡಿ ಯಾವುದಾದರೂ ಆದೀತು. ಮೆಷಿನ್ನಿಗೆ ಸಿಗ್ನಲ್ ಸಿಗುವ ಜಾಗವೇ ಎಂದು ಮಳೆ ಹೊತ್ತಿನಲ್ಲಿ ಪರೀಕ್ಷೆ ಮಾಡಿ. ಬೇಸಿಗೆಯಲ್ಲಿ ಸಿಗುವ ಸಿಗ್ನಲ್ಲು ಆಷಾಢದಲ್ಲಿ ಇರುವುದಿಲ್ಲ.

ಜಗಲಿಕಟ್ಟೆ

ಪಂಚಾಯಿತಿಯವರು ಕೋಣೆ ಕೊಡಲು ತಯಾರಿದ್ದಾರೆ ಅನ್ನಿ. ಅರ್ಜಿ ಯಾರಿಗೆ, ಅದರಲ್ಲಿ ಎಂತೆಂತ ಇರಬೇಕು?

ಲಾಕು ಮೊಹರು

ಅಂಚೆ ಅಧೀಕ್ಷಕರಿಗೆ, ಅದರ ಒಂದು ನಕಲು ಉಪವಿಭಾಗದ ಇನ್ಸ್‌ಪೆಕ್ಟರಿಗೆ. ಜೊತೆಗೆ ಪಂಚಾಯಿತಿ ಠರಾವಿನ ನಕಲು. ಠರಾವಿನಲ್ಲಿ ಕೋಣೆಯ ಅಳತೆ, ಬಾಡಿಗೆ ಇಲ್ಲ ಎಂಬುದು, ಎಷ್ಟು ವರ್ಷಕ್ಕೆ ಎಂಬುದು, ಕರೆಂಟ್ ಬಿಲ್ಲು ಯಾರದ್ದು ಎಂಬುದು ಬರೆದಿರಲಿ. "ಅನಿರ್ದಿಷ್ಟ ಅವಧಿಗೆ" ಎಂದು ಬರೆದರೆ ಮುಂದಿನ ಅಧ್ಯಕ್ಷರು ಬಂದು ಖಾಲಿ ಮಾಡಿಸುತ್ತಾರೆ.

ಅರ್ಜಿಯಲ್ಲಿ ಭಾವನೆ ಬೇಡ, ಅಂಕಿ ಬೇಕು: ಬಟವಾಡೆ ವ್ಯಾಪ್ತಿಯ ಮಜರೆಗಳ ಹೆಸರು, ಜನಸಂಖ್ಯೆ, ಹತ್ತಿರದ ಬೇರೆ ಅಂಚೆ ಕಚೇರಿಗೆ ಮಳೆಗಾಲದ ದಾರಿಯಲ್ಲಿ ಎಷ್ಟು ಕಿಲೋಮೀಟರು, ಉಳಿತಾಯ–ಆರ್‌.ಡಿ.–ಸುಕನ್ಯಾ ಖಾತೆಗಳು ಸುಮಾರು ಎಷ್ಟು, ಪಿಂಚಣಿ ಪಡೆಯುವವರು ಎಷ್ಟು. ಹೊಸ ಶಾಖಾ ಕಚೇರಿ ತೆರೆಯುವ ಅಳತೆಗೋಲು ಬಯಲಿಗೆ 3,000 ಜನ, ಗುಡ್ಡಗಾಡು ಎಂದು ಗುರುತಿಸಿದ ಕಡೆ ಒಂದೇ ಊರಾದರೆ 500, ಊರುಗಳ ಗುಂಪಾದರೆ 1,500. ಆದಾಯ ಬಯಲಿನಲ್ಲಿ ಖರ್ಚಿನ ಮೂರನೇ ಒಂದು ಭಾಗ, ಗುಡ್ಡಗಾಡಿನಲ್ಲಿ ಶೇ. 15. ಇದು ತೆರೆಯುವುದಕ್ಕೆ ಇರುವ ನಿಯಮವಾದರೂ ಉಳಿಸಿಕೊಳ್ಳುವ ವಾದಕ್ಕೂ ಇದೇ ಲೆಕ್ಕ ಬರುತ್ತದೆ. ನಿಮ್ಮ ಕಚೇರಿಯನ್ನು ಯಾವ ವರ್ಗದಲ್ಲಿ ಇಟ್ಟಿದ್ದಾರೆ ಎಂದು ಇನ್ಸ್‌ಪೆಕ್ಟರನ್ನು ಮೊದಲೇ ಕೇಳಿಕೊಳ್ಳಿ. ತೆರೆದ ಆದೇಶ ಕೇಳುವ ಪತ್ರವನ್ನು ಇದರ ಜೊತೆ ಸೇರಿಸಬೇಡಿ, ಬೇರೆ ಲಕೋಟೆಯಲ್ಲಿ ಕಳಿಸಿ. ಎರಡೂ ಹೋಗುವುದು ಬೇರೆ ಬೇರೆ ಮೇಜಿಗೆ. ಒಂದೇ ಕಾಗದದಲ್ಲಿದ್ದರೆ ಒಂದಕ್ಕೆ ಉತ್ತರ ಬರೆದು ಕಡತ ಮುಗಿಸುತ್ತಾರೆ.